ಅರ್ಧ ಗಂಟೆಯ ನೀರು

ಎರಡೂ ನಲವತ್ತಕ್ಕೆ ದಿಂಬಿನ ಕೆಳಗೆ ಮೊಬೈಲು ನಡುಗುತ್ತದೆ.
ಟಾರ್ಚು, ಗುದ್ದಲಿ, ಹರಿದ ಗೋಣಿಚೀಲ ಹಿಡಿದು
ಖರ್ಜೂರದ ತೋಪಿನ ಕತ್ತಲಿಗೆ ಇಳಿಯುತ್ತೇನೆ.
ಫಲಜ್ ನನಗಿಂತ ಮೊದಲೇ ಎದ್ದಿದೆ,
ಅಥವಾ ಮಲಗಿಯೇ ಇಲ್ಲ.
ಯಾರೋ ಸತ್ತುಹೋದವರು ಕೊರೆದ ಸುರಂಗದಲ್ಲಿ
ಬೆಟ್ಟದ ಹೊಟ್ಟೆಯಿಂದ ಎರಡು ಮೈಲಿ ತೆವಳಿ
ಮಸೀದಿಯ ಮುಂದೆ ಮುಖ ತೋರಿಸುವ ನೀರು.

ಮೊದಲು ಕುಡಿಯುವವರದು,
ಆಮೇಲೆ ವುಜೂ ಮಾಡುವವರದು,
ಆಮೇಲೆ ಮರಗಳದು, ಸರತಿಯ ಮೇಲೆ.
ಮೂರರಿಂದ ಮೂರೂವರೆ ಜುವೈನಾಳ ಪಾಲು:
ಅವ್ವನ ಬೆಂಡೋಲೆಯ ಜೊತೆಗೆ ಬಂದ ಒಂದು ಅಥರ್.

ನಾನು ಕಾಲುವೆಯ ಬಾಲದವನು.
ಕಾರಟಗಿಯ ಆಚೆ, ಉಪಕಾಲುವೆಯ ಕಟ್ಟಕಡೆ,
ರಾತ್ರಿ ಹಾರೆ ಹಾಕಿ ತೂಬು ಎತ್ತಿದವರ ಕಥೆ
ಅವಳಿಗೆ ಹೇಳಿದ್ದೆ ಒಮ್ಮೆ, ಅರ್ಧ ಅರಬಿ, ಅರ್ಧ ಕೈಸನ್ನೆ.
"ಅರೀಫ್ ಇರಲಿಲ್ಲವೆ ನಿಮ್ಮಲ್ಲಿ, ನೀರು ಹಂಚುವವ?"
ಇದ್ದ. ನೀರಗಂಟಿ. ನಮ್ಮ ದೊಡ್ಡಪ್ಪನೇ.
ಅವನನ್ನು ಎತ್ತಿ ಕಾಲುವೆಗೇ ಹಾಕಿದರು.
ಅವಳು ನಗಲಿಲ್ಲ.
ನಾನು ನಗಿಸಲೆಂದೇ ಹೇಳಿದ್ದೆ.

ಮಳೆ ಕಾಣದ ಮೂರನೇ ವರ್ಷ.
ಅರ್ಧ ಗಂಟೆ ಈಗಲೂ ಅರ್ಧ ಗಂಟೆಯೇ,
ನೀರು ಮಾತ್ರ ಮುಂಗೈಯಿಂದ ಕಿರುಬೆರಳಿಗೆ ಇಳಿದಿದೆ.
ತೋಪಿನ ಕೆಳಗೆ ಗೋಧಿಗೆಂದು ಮಡಿ ಕಟ್ಟಿದ್ದೆ,
ಅಂಚು ನುಣುಪು ಮಾಡಿ, ಬಾ ನೋಡು ಅಂತ ಕರೆದೂ ಇದ್ದೆ.
ಜುವೈನಾ ಕೋಲೂರಿ ಬಂದಳು,
ಹಿಡಿ ಮಣ್ಣು ಎತ್ತಿ ಮೂಸಿ ಚೆಲ್ಲಿದಳು.
"ಬಿತ್ತಬೇಡ."
ಬೀಳು ಬಿಡಲೆಂದೇ ಇರುವ ನೆಲವಂತೆ ಇದು.
ನೀರು ಉಕ್ಕಿದ ವರ್ಷ ಗೋಧಿ, ಬೆಳ್ಳುಳ್ಳಿ, ಕುದುರೆಮೆಂತ್ಯ;
ಸೊರಗಿದ ವರ್ಷ ಏನೂ ಇಲ್ಲ.
ಊರು ಕಟ್ಟಿದವರೇ ಗೆರೆ ಎಳೆದು ಹೋಗಿದ್ದಾರೆ:
ಇಲ್ಲಿಯವರೆಗೆ ಮರ, ಇಲ್ಲಿಂದಾಚೆ ಕಾಯುವುದು.
ನನಗೆ ಕೈ ತುರಿಸುತ್ತಿತ್ತು.
ಬೀಳು ಬಿದ್ದರೆ ನಮ್ಮ ಕಡೆ ಬೈಸಿಕೊಳ್ಳುವುದು
ನೆಲವಲ್ಲ, ಅದರ ಗಂಡಸು.

ಇಲಾಖೆಯಿಂದ ಥುರಯ್ಯಾ ಬಂದಳು,
ಕೈಯಲ್ಲಿ ಮೀಟರು, ಜೀಪಿನಲ್ಲಿ ಕರಿ ಪೈಪಿನ ಸುರುಳಿ,
ಚೀಲದಲ್ಲಿ ಉಪ್ಪಿಗೂ ಬಿಸಿಲಿಗೂ ಜಗ್ಗದ ಬೀಜ.
ಬಿಚ್ಚಿದರೆ ಸಜ್ಜೆ!
ಅದೇ ಬೂದುಹಸಿರು, ಅದೇ ಮೀನುಗಣ್ಣು.
"ದುಖ್ನ್" ಅಂದಳು ಅವಳು. "ಸಜ್ಜೆ" ಅಂದೆ ನಾನು.
ಜುವೈನಾ ಏನೂ ಅನ್ನದೆ ಒಳಗೆ ಹೋಗಿ
ಗಡಿಗೆಯಿಂದ ಒಂದು ಬೊಗಸೆ ತಂದು ಪಕ್ಕದಲ್ಲಿ ಸುರಿದಳು:
ಇನ್ನೂ ಸಣ್ಣ ಕಾಳು, ಬೂದಿಯಲ್ಲಿ ಹೊರಳಿಸಿಟ್ಟದ್ದು,
ಅತ್ತೆಯ ಕಾಲದಿಂದ ಬಿತ್ತಿ ಬಿತ್ತಿ ಉಳಿಸಿದ್ದು.
"ಎರಡೂ ಒಂದೊಂದು ಸಾಲು ಹಾಕೋಣ," ಹುಡುಗಿ ಅಂದಳು.
"ಮಳೆಯಾದರೆ," ಮುದುಕಿ ಅಂದಳು.
ಪೈಪಿನ ಸುರುಳಿ ಅಂಗಳದಲ್ಲಿದೆ, ಬೆಕ್ಕು ಅದರೊಳಗೆ ಮರಿ ಹಾಕಿದೆ.

ಶುಕ್ರವಾರ ಗುಡ್ಡದಿಂದ ಹುಮೈದ್ ಇಳಿದು ಬಂದ,
ನಲವತ್ತು ಆಡು, ಎರಡು ಕತ್ತೆ,
ಪಿಕಪ್ಪಿಗೆ ಹತ್ತಲೊಲ್ಲದ ಒಂದು ಹೋತ.
ಮೇಲೆ ಬಾರಿಗಿಡದ ಎಲೆಯೂ ಮುಗಿದಿದೆಯಂತೆ.
ಜುವೈನಾ ಅವನಿಗೆ ತೋರಿಸಿದ್ದು ನನ್ನ ಮಡಿಯನ್ನು.
ಬದುವಿನ ಒಣಹುಲ್ಲು, ಬೇಯಿಸಿದ ಖರ್ಜೂರದ ಬೀಜ,
ಕಡಲ ಕಡೆಯಿಂದ ತರಿಸಿದ ಒಣ ಬೂತಾಯಿ.
ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ,
ಮೀನಿನ ಮಾತು ಯಾರೂ ಹೇಳಿರಲಿಲ್ಲ.
ಫೋನಿನಲ್ಲಿ ಹೇಳಿದರೆ ಗಂಗಮಾಳವ್ವ,
"ಕುಡಿದೀಯೇನು?" ಅಂದಳು.
ನಮ್ಮಲ್ಲಿ ಹೊಲಕ್ಕೆ ಕುರಿ ತರುಬಿದರೆ
ಕುರಿಯವರಿಗೆ ಜೋಳ ಅಳೆಯುತ್ತೇವೆ. ಇಲ್ಲಿ ಅಳೆದದ್ದು ಮೀನು.
ಹನ್ನೊಂದು ರಾತ್ರಿಯಾಯಿತು,
ನನ್ನ ನುಣುಪು ಅಂಚುಗಳನ್ನು ತುಳಿದು ಮಲಗುತ್ತವೆ,
ಹಿಕ್ಕೆಯ ಮೇಲೆ ಹಿಕ್ಕೆ.

ಈಗ ಮೂರೂ ಇಪ್ಪತ್ತೊಂಬತ್ತು.
ನೀರು ಹದಿನಾಲ್ಕನೇ ಮರದ ಬುಡ ಮುಟ್ಟಿಲ್ಲ.
ಬೀಳಿನಲ್ಲಿ ಹೋತ ಕೆಮ್ಮುತ್ತದೆ.
ಚೀಲ ಒಂದು ನಿಮಿಷ ತಡವಾಗಿ ಹಾಕಿದರೆ ಕಾಣುವವರಿಲ್ಲ,
ಅರೀಫ್ ಖಲ್ಫಾನನ ಗೊರಕೆ ಇಲ್ಲಿಗೇ ಕೇಳಿಸುತ್ತದೆ.
ಬಾಲದವನ ಕೈ ಇದು, ಇದಕ್ಕೆ ಅಭ್ಯಾಸ ಬೇರೆ.
ಕೃತ್ತಿಕೆ ಪಡುವಣ ಗುಡ್ಡದತ್ತ ವಾಲಿದೆ;
ಮೊಬೈಲು ಬರುವ ಮೊದಲು ಊರಿಗೆ ಅದೇ ಗಡಿಯಾರ.
ಥುರಯ್ಯಾ ಅಂದರೂ ಅದೇ.

ಅರ್ಧ ನಿಮಿಷ ನಿಂತೆ.
ಆಮೇಲೆ ಚೀಲ ಒತ್ತಿ ಮಣ್ಣು ಮೆತ್ತಿದೆ.
ನೀರು ಗೊಣಗುತ್ತ ನಾಸರನ ತೋಟಕ್ಕೆ ಹೊರಳಿತು,
ನನ್ನ ಒಂದು ಚಪ್ಪಲಿಯನ್ನೂ ಎಳೆದುಕೊಂಡು.